ಕನ್ನಡ ಮಾಧ್ಯಮದವರು ಇಂಗ್ಲಿಷ್ ಕಲಿತ ಮೇಲೆಯೇ ಕಂಪನಿಗೆ ಅರ್ಜಿ ಹಾಕಬೇಕೆ?

ಪ್ರಶ್ನೆ: ನಾನು ರೋಣ ತಾಲ್ಲೂಕಿನವಳು. ಕನ್ನಡ ಮಾಧ್ಯಮದಲ್ಲಿ ಓದಿ ಈ ವರ್ಷ ಬಿ.ಕಾಂ. ಮುಗಿಸಿದ್ದೇನೆ. ನಮ್ಮ ಮನೆತನದಲ್ಲಿ ಕಂಪನಿ ಕೆಲಸಕ್ಕೆ ಹೋದವರು ಯಾರೂ ಇಲ್ಲ. ಒಂದು ವರ್ಷ ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ಹೋಗಿ ಆಮೇಲೆ ಅರ್ಜಿ ಹಾಕಲೇ?

ಬೇಡ. ಈ ವಾರವೇ ಅರ್ಜಿ ಹಾಕಿ. ಇಂಗ್ಲಿಷ್ ಕಲಿಕೆ ಅದರ ಜೊತೆಗೇ ಸಾಗಲಿ. ಧಾರವಾಡದ ಪದವಿ ಕಾಲೇಜೊಂದರಲ್ಲಿ ಪ್ಲೇಸ್‌ಮೆಂಟ್ ಹೊಣೆ ಹೊತ್ತ ದಿನದಿಂದ ಈ ಪ್ರಶ್ನೆಗೆ ಇದೇ ಉತ್ತರ ಹೇಳುತ್ತ ಬಂದಿದ್ದೇನೆ. ಆದರೂ ಪ್ರತಿವರ್ಷ ಹೊಸ ತಂಡವೊಂದು ಅದೇ ಅಳುಕಿನಿಂದ ನನ್ನ ಮೇಜಿನ ಮುಂದೆ ನಿಲ್ಲುತ್ತದೆ.

ಕಂಪನಿಯ ಆಯ್ಕೆ ಇಂಗ್ಲಿಷ್ ಮಾತಿನಿಂದ ಆರಂಭವಾಗುತ್ತದೆ ಎಂಬ ನಂಬಿಕೆಯೇ ತಪ್ಪು. ಬಹಳಷ್ಟು ದೊಡ್ಡ ಕಂಪನಿಗಳಲ್ಲಿ ಮೊದಲು ಎದುರಾಗುವುದು ಆನ್‌ಲೈನ್ ಪರೀಕ್ಷೆ: ಶೇಕಡಾವಾರು, ಅನುಪಾತ, ಕಾಲ ಮತ್ತು ಕೆಲಸ, ತರ್ಕ, ಜೊತೆಗೆ ಇಂಗ್ಲಿಷ್ ಓದಿ ಗ್ರಹಿಸುವ ಒಂದು ಭಾಗ. ಧಾರವಾಡದ ಸಪ್ತಾಪುರದ ಕೋಚಿಂಗ್ ಕೇಂದ್ರಗಳಲ್ಲಿ ಬ್ಯಾಂಕ್ ಪರೀಕ್ಷೆಗೆಂದು, ಪಿಎಸ್‌ಐ ಪರೀಕ್ಷೆಗೆಂದು ನಮ್ಮ ಮಕ್ಕಳು ವರ್ಷಗಟ್ಟಲೆ ಬಿಡಿಸುವ ಲೆಕ್ಕಗಳೂ ಇಂಥವೇ. ಅಷ್ಟು ಶ್ರಮಪಟ್ಟವರು ಕಂಪನಿಯ ಪರೀಕ್ಷೆ ತಮ್ಮಂಥವರಿಗಲ್ಲ ಎಂದು ಹಿಂದೆ ಸರಿಯುವುದನ್ನು ಕಂಡಾಗ ಸಂಕಟವಾಗುತ್ತದೆ.

ಇಂಗ್ಲಿಷ್ ಬೇಡವೇ ಬೇಡ ಎಂದು ನಾನು ಹೇಳುತ್ತಿಲ್ಲ. ಯಾವ ಕೆಲಸಕ್ಕೆ ಎಂಥ ಇಂಗ್ಲಿಷ್ ಬೇಕು ಎಂದು ಕೇಳಿಕೊಳ್ಳಿ. ಗ್ರಾಹಕರ ಕರೆಗಳಿಗೆ ಉತ್ತರಿಸುವ ಕೆಲಸಕ್ಕೆ ಮಾತು ಸರಾಗವಾಗಿರಲೇಬೇಕು. ಬಿಲ್ಲುಗಳನ್ನು ತಾಳೆ ನೋಡುವ, ಜಿಎಸ್‌ಟಿ ವಿವರ ಸಿದ್ಧಪಡಿಸುವ, ಸಂಬಳದ ಲೆಕ್ಕ ಮಾಡುವ ಕೆಲಸಕ್ಕೆ ಮುಖ್ಯವಾಗಿ ಬೇಕಾದದ್ದು ಇಮೇಲ್ ಓದಿ, ಅರ್ಥಮಾಡಿಕೊಂಡು, ನಾಲ್ಕು ಸಾಲಿನಲ್ಲಿ ಸ್ಪಷ್ಟವಾಗಿ ಉತ್ತರ ಬರೆಯುವ ಶಕ್ತಿ. ದಿನಕ್ಕೊಂದು ಇಮೇಲ್ ಬರೆದು ಯಾರಿಂದಲಾದರೂ ತಿದ್ದಿಸಿಕೊಂಡರೆ ಆ ಶಕ್ತಿ ಬರುತ್ತದೆ. ಅದಕ್ಕಾಗಿ ಒಂದು ವರ್ಷ ಕಾಯಬೇಕಿಲ್ಲ.

ಕಾಯುವುದರಿಂದ ನಷ್ಟವೂ ಇದೆ. ಹೊಸಬರ ನೇಮಕಾತಿಯ ಪ್ರಕಟಣೆಗಳಲ್ಲಿ ಸಾಮಾನ್ಯವಾಗಿ ಪದವಿ ಮುಗಿಸಿದ ವರ್ಷವನ್ನು ನಿಗದಿಪಡಿಸಿರುತ್ತಾರೆ. ಬಿ.ಎಸ್‌ಸಿ., ಬಿ.ಸಿ.ಎ. ಪದವೀಧರರನ್ನು ಕೆಲಸಕ್ಕೆ ಸೇರಿಸಿಕೊಂಡು ತನ್ನದೇ ವೆಚ್ಚದಲ್ಲಿ ಎಂ.ಟೆಕ್. ಓದಿಸುವ ವಿಪ್ರೊದ ಯೋಜನೆಯಲ್ಲೂ ಹೀಗೆಯೇ. ಉಚ್ಚಾರಣೆ ತಿದ್ದಿಕೊಂಡು ಬರುವಷ್ಟರಲ್ಲಿ ನಿಮ್ಮ ವರ್ಷದವರಿಗೆ ತೆರೆದಿದ್ದ ಬಾಗಿಲು ಮುಚ್ಚಿರುತ್ತದೆ.

ನನ್ನ ವಿದ್ಯಾರ್ಥಿನಿಯೊಬ್ಬಳು ರಜೆಯಲ್ಲಿ ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಯ ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದಳು. ಇ-ಟೆಂಡರಿನ ದರ, ತೂಕದ ಚೀಟಿ, ರೈತನಿಗೆ ಸಲ್ಲಬೇಕಾದ ಹಣ ಇವು ಮೂರೂ ತಾಳೆಯಾಗದೆ ಅವಳು ಮನೆಗೆ ಹೋಗುವಂತಿರಲಿಲ್ಲ. ಆದರೆ ಬಯೋಡೇಟಾದಲ್ಲಿ ‘ಅನುಭವ: ಇಲ್ಲ’ ಎಂದು ಬರೆದು ತಂದಿದ್ದಳು. ಅದನ್ನು ಹೊಡೆದುಹಾಕಿಸಿ ಆ ಕೆಲಸವನ್ನೇ ಬರೆಸಿದೆ. ಸಂದರ್ಶನದಲ್ಲಿ ಅವಳು ಅದನ್ನು ತಡವರಿಸುವ ಇಂಗ್ಲಿಷಿನಲ್ಲಿಯೇ, ಆದರೆ ಒಂದು ಅಂಕಿಯೂ ತಪ್ಪದಂತೆ ವಿವರಿಸಿ ಆಯ್ಕೆಯಾದಳು. ಆ ದಿನದ ಹೆಮ್ಮೆ ನನಗೆ ಇಂದಿಗೂ ಇದೆ.

ನೀವು ಕೇಳದ ಒಂದು ವಿಷಯವನ್ನೂ ಹೇಳಬೇಕು. ಆಯ್ಕೆಯಾದ ಮೇಲೂ ನಮ್ಮ ಕಡೆಯ ಮಕ್ಕಳು ಮರಳಿ ಬರುವುದುಂಟು, ಮತ್ತು ಅದಕ್ಕೆ ಅನೇಕ ಸಲ ಮೊದಲ ತಿಂಗಳ ಖರ್ಚೇ ಕಾರಣ. ಬೆಂಗಳೂರಿನಲ್ಲಿ ಪಿ.ಜಿ.ಗೆ (ಹಣ ಕೊಟ್ಟು ಉಳಿದುಕೊಳ್ಳುವ ವಸತಿಗೆ) ಮುಂಗಡವನ್ನು ಸೇರುವ ದಿನವೇ ಕೊಡಬೇಕು; ಸಂಬಳ ಬರುವುದು ತಿಂಗಳು ಕಳೆದ ಮೇಲೆ. ವರ್ಷಕ್ಕೆ 3 ಲಕ್ಷ ರೂಪಾಯಿ ಸಿಟಿಸಿ, ಅಂದರೆ ನೌಕರನಿಗಾಗಿ ಕಂಪನಿ ಮಾಡುವ ಒಟ್ಟು ವೆಚ್ಚ, ಎಂದೊಡನೆ ಮನೆಯವರು ತಿಂಗಳಿಗೆ 25,000 ರೂಪಾಯಿ ಎಂದು ಎಣಿಸುತ್ತಾರೆ. ಆದರೆ ಮೂಲ ವೇತನದ ಶೇ. 12ರಷ್ಟು ಭವಿಷ್ಯ ನಿಧಿಗೆ ನಿಮ್ಮ ಪಾಲಾಗಿ ಹೋಗುತ್ತದೆ. ಕಂಪನಿಯ ಪಾಲನ್ನೂ, ಹಲವೆಡೆ ಗ್ರ್ಯಾಚ್ಯುಟಿಯನ್ನೂ (ಕೆಲಸ ಬಿಡುವಾಗ ಸೇವಾವಧಿಗೆ ತಕ್ಕಂತೆ ಸಿಗುವ ಇಡುಗಂಟು) ಆ 3 ಲಕ್ಷದಲ್ಲಿಯೇ ಸೇರಿಸಿರುತ್ತಾರೆ. ಆದ್ದರಿಂದ ಕೈಗೆ ಬರುವ ಮೊತ್ತ ಎಷ್ಟೆಂದು ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮೊದಲೇ ಕೇಳಿ. ಹಾಗೆ ಕೇಳುವುದು ಅವಿನಯವಲ್ಲ.

ಇಂಥ ಮಕ್ಕಳಿಗೆ ನೆರವಾಗಲು ಬಯಸುವ ಹಳೆಯ ವಿದ್ಯಾರ್ಥಿಗಳು ಸನ್ಮಾನ, ಶಾಲುಗಳಿಗೆ ತೆಗೆದಿಡುವ ಹಣವನ್ನು ಮೊದಲ ಎರಡು ತಿಂಗಳ ಕೈಗಡವಾಗಿ ಕೊಡಲಿ. ಮೂರನೆಯ ಸಂಬಳದಿಂದ ಕಂತಿನಲ್ಲಿ ಅದು ಮರಳಿದರೆ ಮುಂದಿನ ವರ್ಷ ಇನ್ನೊಬ್ಬರ ಪಿ.ಜಿ. ಮುಂಗಡಕ್ಕೆ ಒದಗುತ್ತದೆ.