ಬಿಕ್ಕಟ್ಟು ಮುಗಿದ ಮೇಲೂ ಉಳಿಯುವ ಬಡ್ಡಿ

ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿ ಸಹಕಾರಿ ಪತ್ತಿನ ಸಂಘ ಕಟ್ಟಿದರು. ಸಾಲ ಮಾಡಬೇಡಿ ಅಂತ ಆ ಸಂಘ ಹೇಳಲಿಲ್ಲ. ಬಿತ್ತನೆಗೆ ಸಾಲ ಬೇಕೇ ಬೇಕು. ಆದರೆ ಬಡ್ಡಿ ಬೆಳೆಯನ್ನು ನುಂಗಬಾರದು, ಅಷ್ಟೆ. ಸರ್ಕಾರದ ಸಾಲವನ್ನೂ ನಾನು ಹೀಗೆಯೇ ನೋಡುತ್ತೇನೆ.

ಬ್ಯಾಂಕುಗಳು ಬಿದ್ದಾಗ ಸರ್ಕಾರದ ಸಾಲ ಯಾಕೆ ಏರುತ್ತದೆ? ಅವನ್ನು ಉಳಿಸಲು ಹಣ ಸುರಿಯಬೇಕಲ್ವಾ ಅನ್ನಬಹುದು. ಐರ್ಲೆಂಡ್ ಹಾಗೇ ಮಾಡಿತು. 2007ರಲ್ಲಿ ಜಿಡಿಪಿಯ, ಅಂದರೆ ದೇಶದ ಒಂದು ವರ್ಷದ ಒಟ್ಟು ಉತ್ಪಾದನೆಯ, ಶೇ 25ರಷ್ಟಿದ್ದ ಅದರ ಸಾಲ ಐದು ವರ್ಷಗಳಲ್ಲಿ ಶೇ 120ರ ಹತ್ತಿರ ಹೋಯಿತು. ಆದರೆ ಹಳೆಯ ಬ್ಯಾಂಕ್ ಬಿಕ್ಕಟ್ಟುಗಳ ಲೆಕ್ಕ ತೆಗೆದ ಅರ್ಥಶಾಸ್ತ್ರಜ್ಞರಾದ ಕಾರ್ಮೆನ್ ರೈನ್‌ಹಾರ್ಟ್ ಮತ್ತು ಕೆನೆತ್ ರೋಗಾಫ್ ಬೇರೆ ಕಾರಣ ಕಂಡರು: ತೆರಿಗೆ ಕುಸಿಯುವುದೇ ದೊಡ್ಡ ಪೆಟ್ಟು. ಬ್ಯಾಡಗಿ ಮಾರುಕಟ್ಟೆಗೆ ಮೆಣಸಿನಕಾಯಿ ಚೀಲ ಬರದಿದ್ದರೆ ಹಮಾಲರ ಕೂಲಿ, ಲಾರಿ ಬಾಡಿಗೆ, ಪಕ್ಕದ ಖಾನಾವಳಿಯ ವ್ಯಾಪಾರ ಎಲ್ಲವೂ ನಿಲ್ಲುತ್ತದೆ. ದೇಶದ ವ್ಯಾಪಾರ ನಿಂತಾಗಲೂ ಹೀಗೇ ಆಗುತ್ತದೆ. ತೆರಿಗೆ ಬರುವುದಿಲ್ಲ, ಸಂಬಳ ಮತ್ತು ಪಿಂಚಣಿ ಮಾತ್ರ ಕೊಡಲೇಬೇಕು.

ನಮ್ಮಲ್ಲಿ 1991ರಲ್ಲಿ ಕಥೆ ಉಲ್ಟಾ ಆಗಿತ್ತು. ಎಂಬತ್ತರ ದಶಕದಲ್ಲಿ ಬೆಳೆದ ಸಾಲವೂ ವಿದೇಶಿ ವಿನಿಮಯದ ಬಿಕ್ಕಟ್ಟಿಗೆ ದಾರಿ ಮಾಡಿತು. ಸುಮಾರು 47 ಟನ್ ಚಿನ್ನವನ್ನು ಬ್ಯಾಂಕ್ ಆಫ್ ಇಂಗ್ಲೆಂಡ್‌ನಲ್ಲಿ ಅಡವಿಡಬೇಕಾಯಿತು. ಮನೆಯ ಚಿನ್ನ ಅಡವಿಟ್ಟು ಬೀಜ ತಂದವರಿಗೆ ಆ ಸಂಕಟ ಬಿಡಿಸಿ ಹೇಳಬೇಕಿಲ್ಲ.

2008ರ ಜಾಗತಿಕ ಹಣಕಾಸು ಬಿಕ್ಕಟ್ಟಿನಲ್ಲಿ ನಮ್ಮ ಬ್ಯಾಂಕುಗಳು ಬೀಳಲಿಲ್ಲ. ಆದರೂ ಸರ್ಕಾರ ತೆರಿಗೆ ಇಳಿಸಿ ಖರ್ಚು ಜಾಸ್ತಿ ಮಾಡಿತು. ಕೇಂದ್ರದ ವಿತ್ತೀಯ ಕೊರತೆ, ಅಂದರೆ ಆದಾಯ ಮೀರಿದ ಖರ್ಚು, ಒಂದೇ ವರ್ಷದಲ್ಲಿ ಜಿಡಿಪಿಯ ಶೇ 2.5ರಿಂದ ಶೇ 6ರ ಆಸುಪಾಸಿಗೆ ಏರಿತು. ಆ ಹೊತ್ತಿಗೆ ಅದು ಸರಿಯೇ. ಆಮೇಲೆ ಬೆಲೆ ಏರಿತು. ಖರ್ಚೊಂದೇ ಕಾರಣವಲ್ಲ, ಆಹಾರ ಮತ್ತು ತೈಲದ ದರವೂ ಸೇರಿತ್ತು. ಬೆಲೆ ಹಿಡಿತಕ್ಕೆ ತರಲು ರಿಸರ್ವ್ ಬ್ಯಾಂಕ್ 2010ರ ಆರಂಭದಲ್ಲಿ ಶೇ 4.75 ಇದ್ದ ರೆಪೊ ದರವನ್ನು (ಬ್ಯಾಂಕುಗಳಿಗೆ ತಾನು ಕೊಡುವ ಸಾಲದ ಬಡ್ಡಿ) 2011ರ ಅಕ್ಟೋಬರ್ ಹೊತ್ತಿಗೆ ಶೇ 8.5ಕ್ಕೆ ಏರಿಸಿತು. ದೆಹಲಿಯ ಲೆಕ್ಕ ಹುಬ್ಬಳ್ಳಿಯ ಗೋಕುಲ ರಸ್ತೆಯ ಸಣ್ಣ ಕಾರ್ಖಾನೆಗೆ ತಟ್ಟುವುದು ಹೀಗೆ, ಸಾಲದ ಕಂತಿನ ಮೂಲಕ.

ಹಾಗಂತ ಖರ್ಚನ್ನು ಗಡಬಡಿಸಿ ಕಡಿದರೂ ಕಷ್ಟ. ಗ್ರೀಸ್ ಸಾಲ ಕೊಟ್ಟವರ ಷರತ್ತಿಗೆ ಮಣಿದು ಸಂಬಳ, ಪಿಂಚಣಿ ಕಡಿತ ಮಾಡಿತು. 2013ರಲ್ಲಿ ಅಲ್ಲಿ ದುಡಿಯುವ ನಾಲ್ವರಲ್ಲಿ ಒಬ್ಬರಿಗಿಂತ ಹೆಚ್ಚು ಜನಕ್ಕೆ ಕೆಲಸ ಇರಲಿಲ್ಲ. ಒಳ್ಳೆಯ ಕಾಲದಲ್ಲೇ ಬೇಲಿ ಹಾಕಬೇಕು. ಕರ್ನಾಟಕ 2002ರಲ್ಲೇ ಸರ್ಕಾರದ ಕೊರತೆ ಮತ್ತು ಸಾಲಕ್ಕೆ ಮಿತಿ ಹಾಕುವ ವಿತ್ತೀಯ ಹೊಣೆಗಾರಿಕೆ ಕಾಯ್ದೆ ತಂದಿತು. ದೇಶದಲ್ಲಿ ಇಂಥ ಕಾಯ್ದೆ ತಂದ ಮೊದಲ ರಾಜ್ಯ ನಮ್ಮದು, ಅದು ನನಗೆ ಹೆಮ್ಮೆ.

ಕೋವಿಡ್ ಬಂದಾಗ ಬೇಲಿ ಸಡಿಲಿಸಲೇಬೇಕಾಯಿತು. ಕೇಂದ್ರ, ರಾಜ್ಯಗಳ ಒಟ್ಟು ಸಾಲ 2020-21ರಲ್ಲಿ ಜಿಡಿಪಿಯ ಶೇ 90ರ ಹತ್ತಿರ ಬಂತು. ಜೀವ ಉಳಿಸಲು ಮಾಡಿದ ಸಾಲ ಅದು, ತಪ್ಪೆನ್ನಲಾರೆ. ಆದರೆ ಅದರ ಬಡ್ಡಿ ಈಗಲೂ ನಡೆಯುತ್ತಿದೆ. 2025-26ರ ಕೇಂದ್ರ ಬಜೆಟ್ ನೋಡಿ. ಖರ್ಚಾಗುವ ಪ್ರತಿ ರೂಪಾಯಿಯಲ್ಲಿ 20 ಪೈಸೆ ಬಡ್ಡಿಗೆ ಹೋಗುತ್ತದೆ. ಬರುವ ರೂಪಾಯಿಯಲ್ಲಿ 24 ಪೈಸೆ ಮತ್ತೆ ಸಾಲವೇ.