ಅಂಟಿಕೊಂಡ ಸಾಲುಗಳು: ತಿದ್ದುವ ಮೊದಲು ಬೈಟ್ ನೋಡಿ

ಟರ್ಮಿನಲ್‌ನಲ್ಲಿ ಅಚ್ಚುಕಟ್ಟಾಗಿ ಸಾಲುಸಾಲಾಗಿ ಕಂಡ ವರದಿ ಇಮೇಲ್‌ನಲ್ಲೋ ಬ್ರೌಸರ್‌ನಲ್ಲೋ ತೆರೆದಾಗ ಒಂದೇ ಉದ್ದನೆಯ ಸಾಲಾಗಿ ಅಂಟಿಕೊಂಡಿರುತ್ತದೆ ಎಂಬುದು ಸ್ಕ್ರಿಪ್ಟ್ ಬರೆಯುವವರಿಂದ ನಾನು ಪದೇ ಪದೇ ಕೇಳುವ ದೂರು. ಹೆಚ್ಚಿನವರು ಕೂಡಲೇ ಮಾಡುವ ಉಪಾಯವೆಂದರೆ ಸ್ಕ್ರಿಪ್ಟಿನಲ್ಲಿ ಸಿಕ್ಕಸಿಕ್ಕಲ್ಲಿ ಬ್ಯಾಕ್‌ಸ್ಲ್ಯಾಶ್ ಎನ್, ಅಂದರೆ ಹೊಸ ಸಾಲಿನ ಚಿಹ್ನೆ, ಸೇರಿಸುವುದು. ಆಗ ವರದಿಯೇನೋ ಸರಿಹೋದಂತೆ ಕಾಣಬಹುದು, ಆದರೆ ಅದೇ ಫೈಲನ್ನು ಓದುವ ಮತ್ತೊಂದು ಪ್ರೋಗ್ರಾಮಿಗೆ ಖಾಲಿ ಸಾಲುಗಳ ಕಾಟ ಶುರುವಾಗುತ್ತದೆ. ಬರೆಯುವಾಗಲೇ ಸಾಲು ಮುರಿದಿರಲಿಲ್ಲವೇ, ನಡುದಾರಿಯಲ್ಲಿ ಆ ಚಿಹ್ನೆ ಬಿದ್ದುಹೋಯಿತೇ, ಅಥವಾ ಅದು ಇದ್ದರೂ ತೋರಿಸುವ ತಂತ್ರಾಂಶ ಲೆಕ್ಕಿಸುತ್ತಿಲ್ಲವೇ ಎಂಬುದು ಗೊತ್ತಾಗುವವರೆಗೆ ಸ್ಕ್ರಿಪ್ಟನ್ನು ಮುಟ್ಟಬಾರದು ಎಂಬುದು ನನ್ನ ಪಟ್ಟು.

ತಿಳಿಯುವ ದಾರಿ ಸುಲಭವಾಗಿದೆ. ಲಿನಕ್ಸ್‌ನಲ್ಲಿ, ಫೈಲಿನ ಬೈಟ್‌ಗಳನ್ನು ತೋರಿಸುವ ಹೆಕ್ಸ್‌ಡಂಪ್ ಆದೇಶಕ್ಕೆ ಸಣ್ಣಕ್ಷರದ ಸಿ ಆಯ್ಕೆ ಕೊಟ್ಟು ಫೈಲನ್ನು ನೋಡಿದರೆ, ಅಕ್ಷರಗಳಿಗೆ ಸಂಖ್ಯೆ ಕೊಡುವ ಆಸ್ಕಿ ಪಟ್ಟಿಯಲ್ಲಿ 10ನೆಯದಾದ ಲೈನ್ ಫೀಡ್ (ಹೊಸ ಸಾಲಿನ ಚಿಹ್ನೆ) ಬ್ಯಾಕ್‌ಸ್ಲ್ಯಾಶ್ ಎನ್ ಆಗಿಯೂ, 13ನೆಯದಾದ ಕ್ಯಾರೇಜ್ ರಿಟರ್ನ್ (ಸಾಲಿನ ಆರಂಭಕ್ಕೆ ಮರಳುವ ಚಿಹ್ನೆ) ಬ್ಯಾಕ್‌ಸ್ಲ್ಯಾಶ್ ಆರ್ ಆಗಿಯೂ ಕಣ್ಣಿಗೆ ಕಾಣುತ್ತವೆ. ವರದಿಯಲ್ಲಿ ಕನ್ನಡ ಪಠ್ಯವಿದ್ದರೆ ಕೆಲವರು ಮೊದಲು ಅದರ ಮೇಲೆಯೇ ಸಂಶಯಪಡುತ್ತಾರೆ. ಪಠ್ಯವನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್ ಬೇಕು ಎಂಬುದು ನಿಜ. ಆದರೆ ಆ ಮೂರೂ 127ಕ್ಕಿಂತ ದೊಡ್ಡವಾದ್ದರಿಂದ 10 ಅಥವಾ 13ರೊಂದಿಗೆ ಗೊಂದಲವಾಗುವ ಪ್ರಶ್ನೆಯೇ ಇಲ್ಲ.

ಫೈಲಿನಲ್ಲಿ ಲೈನ್ ಫೀಡ್ ಕಾಣದಿದ್ದರೆ, ಶೆಲ್ (ಟರ್ಮಿನಲ್‌ನ ಆದೇಶಗಳನ್ನು ನಡೆಸುವ ಪ್ರೋಗ್ರಾಮ್) ಸ್ಕ್ರಿಪ್ಟುಗಳಲ್ಲಿ ನಾನು ಮೊದಲು ಹುಡುಕುವುದು ಉದ್ಧರಣ ಚಿಹ್ನೆಯಿಲ್ಲದ ವೇರಿಯಬಲ್‌ಗಳನ್ನು. ಡಿಸ್ಕ್ ಬಳಕೆಯ ವರದಿಯನ್ನು ಒಂದು ವೇರಿಯಬಲ್‌ನಲ್ಲಿಟ್ಟು, ಜೋಡಿ ಉದ್ಧರಣ ಚಿಹ್ನೆ ಹಾಕದೆ, ಮುದ್ರಿಸುವ ಆದೇಶವಾದ ಎಕೋಗೆ ಕೊಟ್ಟರೆ, ಶೆಲ್ ಆ ಪಠ್ಯವನ್ನು ಖಾಲಿ ಜಾಗ, ಟ್ಯಾಬ್ ಮತ್ತು ಹೊಸ ಸಾಲು ಇರುವಲ್ಲೆಲ್ಲ ಕತ್ತರಿಸಿ ಬಿಡಿ ಪದಗಳನ್ನಾಗಿ ಮಾಡುತ್ತದೆ. ಎಕೋ ಆ ಪದಗಳ ನಡುವೆ ಒಂದೊಂದೇ ಖಾಲಿ ಜಾಗವಿಟ್ಟು ಮುದ್ರಿಸುತ್ತದೆ. ವೇರಿಯಬಲ್‌ನಲ್ಲಿ ಸಾಲುಗಳು ಭದ್ರವಾಗಿಯೇ ಇದ್ದವು, ಮುದ್ರಿಸುವ ಗಳಿಗೆಯಲ್ಲಿ ಹೋದವು. ವೇರಿಯಬಲ್‌ನ ಹೆಸರನ್ನು ಜೋಡಿ ಉದ್ಧರಣದೊಳಗೆ ಇಟ್ಟರೆ ಸಾಕು, ಬೇರೆ ಯಾವ ತಿದ್ದುಪಡಿಯೂ ಬೇಡ.

ಆದೇಶವೊಂದರ ಔಟ್‌ಪುಟ್ಟನ್ನು ಹಾಗೆ ವೇರಿಯಬಲ್‌ಗೆ ತುಂಬುವಾಗ ಕೊನೆಯಲ್ಲಿರುವ ಹೊಸ ಸಾಲುಗಳನ್ನು ಶೆಲ್ ತಾನಾಗಿಯೇ ಕಿತ್ತುಹಾಕುತ್ತದೆ ಎಂಬುದನ್ನೂ ನೆನಪಿಡಬೇಕು. ಎರಡು ವರದಿಗಳನ್ನು ಒಂದರ ಹಿಂದೆ ಒಂದು ಜೋಡಿಸಿದಾಗ ಮೊದಲನೆಯದರ ಕೊನೆಯೂ ಎರಡನೆಯದರ ತಲೆಬರಹವೂ ಒಂದಾಗುವುದು ಇದರಿಂದಲೇ. ಎಕೋ ಕೂಡ ಎಲ್ಲೆಡೆ ಒಂದೇ ರೀತಿ ನಡೆದುಕೊಳ್ಳುವುದಿಲ್ಲ. ಬ್ಯಾಶ್ ಎಂಬ ಶೆಲ್‌ನ ಎಕೋ ಸಾಮಾನ್ಯವಾಗಿ ಬ್ಯಾಕ್‌ಸ್ಲ್ಯಾಶ್ ಎನ್ ಅನ್ನು ಎರಡು ಅಕ್ಷರಗಳಾಗಿಯೇ ಮುದ್ರಿಸಿದರೆ, ಡೆಬಿಯನ್ ಮತ್ತು ಉಬುಂಟುಗಳಲ್ಲಿ ಎಸ್‌ಎಚ್ ಎಂಬ ಹೆಸರಿನಲ್ಲಿ ಓಡುವ ಡ್ಯಾಶ್‌ನ ಎಕೋ ಅದನ್ನು ಹೊಸ ಸಾಲಾಗಿ ಮಾರ್ಪಡಿಸುತ್ತದೆ. ಹಾಗಾಗಿ ನಾನು ಎಕೋ ಬಿಟ್ಟು ಪ್ರಿಂಟ್‌ಎಫ್ ಬಳಸುತ್ತೇನೆ. ಅದರಲ್ಲಿ ಹೊಸ ಸಾಲು ಎಲ್ಲಿ ಬರಬೇಕೆಂದು ಬರೆಯುವವನೇ ಹೇಳಬೇಕು, ಮತ್ತು ಹೇಳಿದಲ್ಲಿ ಮಾತ್ರ ಅದು ಬರುತ್ತದೆ.

ಪೈಥಾನ್‌ನಲ್ಲಿ ಕಥೆ ಚಿಕ್ಕದು. ಪ್ರಿಂಟ್ ತಾನೇ ಹೊಸ ಸಾಲು ಸೇರಿಸುತ್ತದೆ, ಫೈಲಿನ ರೈಟ್ ಸೇರಿಸುವುದಿಲ್ಲ. ಹೆಸರಿನಲ್ಲಿ ಸಾಲು ಎಂದಿದ್ದರೂ ರೈಟ್‌ಲೈನ್ಸ್ ಕೂಡ ಸೇರಿಸುವುದಿಲ್ಲ.

ಫೈಲಿನಲ್ಲಿ ಲೈನ್ ಫೀಡ್ ಇದ್ದೂ ಪರದೆಯಲ್ಲಿ ಕಾಣದಿದ್ದರೆ ತಪ್ಪು ಸ್ಕ್ರಿಪ್ಟಿನದಲ್ಲ. ಎಚ್‌ಟಿಎಂಎಲ್ ಎಂದು ಗುರುತಿಸಿಕೊಂಡ ಪಠ್ಯದಲ್ಲಿ ಬ್ರೌಸರ್ ಹೊಸ ಸಾಲನ್ನು ಬರಿಯ ಖಾಲಿ ಜಾಗವೆಂದೇ ಎಣಿಸುತ್ತದೆ. ಅಲ್ಲಿ ವರದಿಯನ್ನು ಸರಳ ಪಠ್ಯದ ಬಗೆಯಾಗಿ ಕಳುಹಿಸಬೇಕು ಅಥವಾ ಸಾಲುಗಳನ್ನು ಇದ್ದಂತೆಯೇ ತೋರಿಸುವ ಪ್ರೀ ಟ್ಯಾಗ್‌ನೊಳಗೆ ಇಡಬೇಕು. ಪಿಎಚ್‌ಪಿ ಬಳಸುವವರಿಗೆ ಹೊಸ ಸಾಲಿನ ಮುಂದೆ, ಸಾಲು ಮುರಿಯುವ ಬಿಆರ್ ಟ್ಯಾಗ್ ಹಾಕಿಕೊಡುವ ಸಿದ್ಧ ಫಂಕ್ಷನ್ನೇ ಇದೆ. ಔಟ್‌ಲುಕ್ ಸರಳ ಪಠ್ಯದ ಸಂದೇಶಗಳಲ್ಲಿ ತನಗೆ ಹೆಚ್ಚುವರಿ ಎನಿಸಿದ ಸಾಲುಗಳನ್ನು ತೆಗೆದುಹಾಕುತ್ತದೆ. ಓದುಗ ಆ ಆಯ್ಕೆಯನ್ನು ಸೆಟ್ಟಿಂಗ್‌ನಲ್ಲಿ ನಿಲ್ಲಿಸಬಹುದಾದರೂ, ನೂರು ಮಂದಿಗೆ ಹೋಗುವ ವರದಿಗೆ ಅದು ಪರಿಹಾರವಲ್ಲ. ಇನ್ನು ವಿಂಡೋಸ್, ಟೆಲಿಟೈಪ್ ಕಾಲದಿಂದ ಬಂದ ಪದ್ಧತಿಯಂತೆ, ಕ್ಯಾರೇಜ್ ರಿಟರ್ನ್ ಮತ್ತು ಲೈನ್ ಫೀಡ್ ಎರಡನ್ನೂ ಬಯಸುತ್ತದೆ. ಬರಿಯ ಲೈನ್ ಫೀಡ್ ಇರುವ ಯುನಿಕ್ಸ್ ಫೈಲನ್ನು ನೋಟ್‌ಪ್ಯಾಡ್ ಸರಿಯಾಗಿ ತೋರಿಸಲು ಕಲಿತದ್ದು 2018ರಲ್ಲಿ. ಹಳೆಯ ಯಂತ್ರಗಳಿಗೆ ಹೋಗುವ ಫೈಲಾದರೆ ಕಳುಹಿಸುವ ಮೊದಲು, ಲೈನ್ ಫೀಡಿಗೆ ಕ್ಯಾರೇಜ್ ರಿಟರ್ನ್ ಸೇರಿಸುವ ಯುನಿಕ್ಸ್‌ಟುಡಾಸ್ ಮೂಲಕ ಹಾಯಿಸುವುದು ಒಳಿತು.

ಎಲ್ಲ ಸರಿಯಿದ್ದೂ ವರದಿಯ ಕೊನೆಯ ನಮೂದು ಮಾತ್ರ ಕಾಣೆಯಾಗುವುದುಂಟು. ಯುನಿಕ್ಸ್ ಬಗೆಯ ವ್ಯವಸ್ಥೆಗಳ ಮಾನದಂಡವಾದ ಪೋಸಿಕ್ಸ್ ಪ್ರಕಾರ ಕೊನೆಯಲ್ಲಿ ಲೈನ್ ಫೀಡ್ ಇದ್ದರೆ ಮಾತ್ರ ಅದು ಪೂರ್ಣ ಸಾಲು; ಅದಿಲ್ಲದಿದ್ದರೆ ಸಾಲು ಎಣಿಸುವ ಡಬ್ಲ್ಯುಸಿ ಒಂದು ಕಡಿಮೆ ಹೇಳುತ್ತದೆ, ಫೈಲನ್ನು ಸಾಲುಸಾಲಾಗಿ ಓದುವ ಶೆಲ್‌ನ ವೈಲ್ ರೀಡ್ ಲೂಪ್ ಆ ಕೊನೆಯ ಸಾಲನ್ನು ಓದಿಯೂ ಸಂಸ್ಕರಿಸದೆ ಹೊರಬೀಳುತ್ತದೆ. ಫೈಲ್ ಬರೆಯುವ ಸ್ಕ್ರಿಪ್ಟ್ ನಮ್ಮ ಕೈಯಲ್ಲಿದ್ದರೆ ಅಲ್ಲಿಯೇ ಕೊನೆಯ ಲೈನ್ ಫೀಡ್ ಸೇರಿಸಬೇಕು, ಇಲ್ಲದಿದ್ದರೆ ರೀಡ್ ವಿಫಲವಾದಾಗಲೂ ವೇರಿಯಬಲ್ ಖಾಲಿಯಾಗಿದೆಯೇ ಎಂದು ಲೂಪಿನ ಷರತ್ತಿನಲ್ಲಿ ಪರೀಕ್ಷಿಸಬೇಕು.