ತೀರ್ಪು ಕೇಳಿಕೊಂಡು ಬರುವ ದಂಪತಿಗಳು

ಹಾಸನದಲ್ಲಿ ನನ್ನ ಬಳಿ ದಾಂಪತ್ಯ ಸಮಾಲೋಚನೆಗೆ ಬರುವವರಲ್ಲಿ ಅನೇಕರು ಕಾರನ್ನು ಬಾಗಿಲ ಮುಂದೆ ನಿಲ್ಲಿಸದೆ, ಎರಡು ರಸ್ತೆ ಆಚೆ ನಿಲ್ಲಿಸಿ ನಡೆದು ಬರುತ್ತಾರೆ. ಸಕಲೇಶಪುರದ ನೆಂಟರೊಬ್ಬರ ಕಣ್ಣಿಗೆ ಬಿದ್ದರೆ ಸಂಜೆಯೊಳಗೆ ಸುದ್ದಿ ಬೇಲೂರು ಮುಟ್ಟುವ ಸೀಮೆ ಇದು. ಆ ಅಂಜಿಕೆ ನನಗೆ ಅರ್ಥವಾಗುತ್ತದೆ. ನನಗೆ ಬೇಸರ ತರಿಸುವುದು ಒಳಗೆ ಬಂದು ಕುಳಿತು ಅರ್ಧ ಗಂಟೆ ಕಳೆಯುವುದರೊಳಗೆ ಏಳುವ ಪ್ರಶ್ನೆ: “ಎಲ್ಲಾ ಕೇಳಿದ್ರಲ್ಲ ಮೇಡಂ, ಈಗ ನೀವೇ ಹೇಳಿ, ತಪ್ಪು ಯಾರದ್ದು?”

ಒಂದು ಜೋಡಿಯ ಸಂಗತಿ ಹೇಳುತ್ತೇನೆ. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಗಂಡ ಕಾಫಿ ತೋಟದಲ್ಲಿ, ಹೆಂಡತಿ ಮಕ್ಕಳ ಶಾಲೆಗಾಗಿ ಹಾಸನದ ಬಾಡಿಗೆ ಮನೆಯಲ್ಲಿ. ಶನಿವಾರ ಆಳುಗಳ ಬಟವಾಡೆ ಮುಗಿಸಿಕೊಂಡು ಅವರು ಹಾಸನಕ್ಕೆ ಬರುವಾಗ ರಾತ್ರಿ ಒಂಬತ್ತಾಗುತ್ತಿತ್ತು. ನನ್ನಲ್ಲಿಗೆ ಬರುವಾಗ ಅವರ ಕೈಯಲ್ಲಿ, ತೋಟದ ಹಾಜರಿ ಪುಸ್ತಕದಷ್ಟೇ ಅಚ್ಚುಕಟ್ಟಾಗಿ ತಾರೀಖು ಹಾಕಿ ಹೆಂಡತಿಯ ಮಾತುಗಳನ್ನು ಬರೆದಿಟ್ಟ ಒಂದು ನೋಟ್‌ಬುಕ್ ಇತ್ತು. ಆಕೆಯ ಫೋನಿನಲ್ಲಿ ಗಂಡನ ಮಾತುಗಳ ರೆಕಾರ್ಡಿಂಗ್ ಇತ್ತು. ಎರಡನ್ನೂ ನಾನು ನೋಡುವುದಿಲ್ಲ, ಕೇಳುವುದಿಲ್ಲ ಎಂದಾಗ ಅವರಿಗೆ ನಿಜವಾಗಿಯೂ ನೋವಾಯಿತು. “ಸಾಕ್ಷೀನೇ ನೋಡದೆ ನ್ಯಾಯ ಹೆಂಗ್ ಮಾಡ್ತೀರಿ?” ಎಂದರು. ಆ ದಿನ ಅವರಿಬ್ಬರೂ ಒಪ್ಪಿದ ಏಕೈಕ ಮಾತು ಅದು.

ನಾನು ನ್ಯಾಯ ಮಾಡುವುದಿಲ್ಲ. ಇದನ್ನು ವಿನಯಕ್ಕಾಗಿ ಹೇಳುತ್ತಿಲ್ಲ. ನ್ಯಾಯ ಹೇಳಿದರೆ ಈ ಕೆಲಸ ಕೆಡುತ್ತದೆ. ಅವರ ಶನಿವಾರಗಳನ್ನೇ ನೋಡಿ. ವಾರವಿಡೀ ಮಗನ ಜ್ವರ, ಶಾಲೆಯ ಶುಲ್ಕ, ಮನೆ ಮಾಲೀಕರ ತಕರಾರುಗಳನ್ನು ಒಬ್ಬಳೇ ನಿಭಾಯಿಸಿದ ಹೆಂಡತಿ, ಗಂಡ ಚಪ್ಪಲಿ ಬಿಡುವಷ್ಟರಲ್ಲಿ “ಒಂದು ಫೋನಾದ್ರೂ ಮಾಡಬಾರದಿತ್ತಾ?” ಎಂದು ಆರಂಭಿಸುತ್ತಾರೆ. ಗಂಡ ಮಾತಾಡುವುದಿಲ್ಲ. ಆಕೆಯ ಧ್ವನಿ ಏರುತ್ತದೆ, ಅವರು ಟಿವಿ ಹಾಕುತ್ತಾರೆ; ಇನ್ನೂ ಏರಿದರೆ ಎದ್ದು ಪೇಟೆಗೆ ಹೊರಡುತ್ತಾರೆ. “ಇವಳು ಕೂಗ್ತಾಳೆ, ಅದಕ್ಕೆ ಸುಮ್ಮನಿರ್ತೀನಿ” ಎನ್ನುವುದು ಗಂಡನ ಲೆಕ್ಕ. “ಇವರು ಸುಮ್ಮನಿರ್ತಾರೆ, ಅದಕ್ಕೆ ಕೂಗ್ತೀನಿ” ಎನ್ನುವುದು ಹೆಂಡತಿಯ ಲೆಕ್ಕ. ಎರಡೂ ಸರಿಯಾದ ಲೆಕ್ಕಗಳೇ. ಗಾಣದ ಎತ್ತು ಎಲ್ಲಿಂದ ಹೊರಟಿತು ಎಂದು ಯಾರೂ ಹುಡುಕುವುದಿಲ್ಲ, ಆದರೆ ಸಂಸಾರದಲ್ಲಿ ಮಾತ್ರ ಮೊದಲ ಹೆಜ್ಜೆ ಯಾರದೆಂದು ಪತ್ತೆ ಹಚ್ಚಲು ಜನ ವರ್ಷಗಳನ್ನೇ ಕಳೆಯುತ್ತಾರೆ. ಒಬ್ಬರು ಬೆನ್ನು ಹತ್ತುವ, ಇನ್ನೊಬ್ಬರು ಹಿಂದೆ ಸರಿಯುವ ಈ ಸುತ್ತನ್ನು ಅಮೆರಿಕದ ಮನೋವಿಜ್ಞಾನಿ ಆಂಡ್ರ್ಯೂ ಕ್ರಿಸ್ಟೆನ್ಸನ್ ದೀರ್ಘಕಾಲ ಅಧ್ಯಯನ ಮಾಡಿದ್ದಾರೆ. ನಾನು ಚಿಕಿತ್ಸೆ ಕೊಡುವುದು ಈ ಸುತ್ತಿಗೆ. ಗಂಡನಿಗೂ ಅಲ್ಲ, ಹೆಂಡತಿಗೂ ಅಲ್ಲ.

ಸುಮ್ಮನಿರುವ ಗಂಡನನ್ನು ಕಲ್ಲು ಎಂದು ಕರೆಯುವುದು ಸುಲಭ. ಜಾನ್ ಗಾಟ್ಮನ್ ಎಂಬ ಸಂಶೋಧಕರು ಮನಸ್ತಾಪದ ವಿಷಯ ಮಾತಾಡುತ್ತಿರುವ ದಂಪತಿಗಳ ಹೃದಯ ಬಡಿತವನ್ನೇ ಅಳೆದು ನೋಡಿದವರು. ಬಡಿತ ನಿಮಿಷಕ್ಕೆ 100 ದಾಟುವಷ್ಟು ಉದ್ವೇಗವಾದಾಗ ಎದುರಿಗಿರುವವರ ಮಾತು ತಲೆಗೆ ಹೋಗುವುದಿಲ್ಲ, ಆಗ ಕನಿಷ್ಠ 20 ನಿಮಿಷ ಬಿಡುವು ಬೇಕು ಎಂಬುದು ಅವರ ಸಲಹೆ. ಆದ್ದರಿಂದ ಆ ಗಂಡನಿಗೆ ಎದ್ದು ಹೋಗಬೇಡಿ ಎಂದು ನಾನು ಹೇಳಲಿಲ್ಲ. ಹೋಗುವಾಗ ಎಷ್ಟು ಹೊತ್ತಿಗೆ ಬರುತ್ತೇನೆಂದು ಹೇಳಿ ಹೋಗಿ, ಹೇಳಿದ ಹೊತ್ತಿಗೆ ಬಂದು ಬಿಟ್ಟ ಮಾತನ್ನೇ ಎತ್ತಿಕೊಳ್ಳಿ ಎಂದೆ. ಹೆಂಡತಿಗೆ, ಆ ಅರ್ಧ ಗಂಟೆ ಫೋನ್ ಮಾಡಬೇಡಿ ಎಂದೆ. ಇಷ್ಟೇನಾ ಎಂಬಂತೆ ಇಬ್ಬರೂ ನನ್ನನ್ನು ನೋಡಿದರು. ಮಾಡಿ ನೋಡಿದ ಮೇಲೆ, ಹೋದವರು ಹೇಳಿದ ಹೊತ್ತಿಗೆ ವಾಪಸು ಬಂದದ್ದನ್ನು ಕಂಡು ತನಗೆ ಅಳು ಬಂತೆಂದು ಆಕೆ ಹೇಳಿದರು.

ಹೊಸದಾಗಿ ವೃತ್ತಿಗೆ ಬಂದಾಗ ನಾನೂ ಒಮ್ಮೆ ತೀರ್ಪು ಕೊಟ್ಟಿದ್ದೇನೆ. ಹೆಂಡತಿಯ ವಾದ ಅಷ್ಟು ನ್ಯಾಯವಾಗಿ ಕಂಡು, ಗಂಡನ ಮುಂದೆಯೇ ಹಾಗೆಂದುಬಿಟ್ಟೆ. ಮನೆಯಲ್ಲಿ ಪ್ರತಿ ಜಗಳಕ್ಕೂ “ಮೇಡಂ ಹೇಳಿಲ್ವಾ?” ಎಂಬ ಅಸ್ತ್ರ ಸಿಕ್ಕಿತು, ಗಂಡ ಮತ್ತೆ ಬರಲಿಲ್ಲ, ಒಬ್ಬರೇ ಬಂದ ಹೆಂಡತಿಗೆ ನಾನು ಮಾಡಬಹುದಾದದ್ದು ಹೆಚ್ಚೇನೂ ಉಳಿದಿರಲಿಲ್ಲ.

“ಅವಳಿಗೆ ನಾಲ್ಕು ಬುದ್ಧಿ ಹೇಳಿ” ಎಂದು ಸೊಸೆಯನ್ನು ಕರೆತರುವ ಮಾವಂದಿರಿಗೂ ಇದೇ ಉತ್ತರ. ಹಿರಿಯರ ಪಂಚಾಯಿತಿಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಜಮೀನಿನ ತಕರಾರಿಗೆ ತೀರ್ಪು ಬೇಕು, ಬಾಂದು ಕಲ್ಲು ನೆಟ್ಟರೆ ಅದು ಮುಗಿಯುತ್ತದೆ. ದಾಂಪತ್ಯದ ಬಹುಪಾಲು ಭಿನ್ನಾಭಿಪ್ರಾಯಗಳು ಹಾಗೆ ಮುಗಿಯುವುದಿಲ್ಲ. ಗಾಟ್ಮನ್ ಅವರ ಲೆಕ್ಕದಲ್ಲಿ ಶೇಕಡಾ 69ರಷ್ಟು ಸ್ವಭಾವದ ವ್ಯತ್ಯಾಸದಿಂದ ಹುಟ್ಟಿ ಕೊನೆಯವರೆಗೂ ಉಳಿಯುವಂಥವು. ತೀರ್ಪು ಕೊಡಲೆಂದೇ ಇರುವ ಕೌಟುಂಬಿಕ ನ್ಯಾಯಾಲಯಕ್ಕೂ, ಸಾಧ್ಯವಿರುವ ಕಡೆ ಮೊದಲು ರಾಜಿಗೆ ಪ್ರಯತ್ನಿಸುವ ಕರ್ತವ್ಯವನ್ನು 1984ರ ಕಾಯ್ದೆಯ 9ನೇ ಕಲಮು ವಿಧಿಸಿದೆ. ಹೀಗಿರುವಾಗ ಕರಿಕೋಟು ಹಾಕದ ನಾನೇಕೆ ಅವಸರ ಮಾಡಲಿ? ತೋಟದ ಆ ದಂಪತಿಯ ಮೂಲ ಪ್ರಶ್ನೆಯೂ ಹಾಗೆಯೇ ಇದೆ: ಗಂಡ ತೋಟ ಬಿಟ್ಟು ಬರಲಾರರು, ಮಕ್ಕಳ ಓದು ಮುಗಿಯುವವರೆಗೆ ಹೆಂಡತಿ ಹಾಸನ ಬಿಡಲಾರರು. ಈಗ ಅದರ ಬಗ್ಗೆ ಕೂಗದೆ ಮಾತಾಡುತ್ತಾರೆ, ಬಟವಾಡೆಯ ನಡುವೆಯೂ ಒಂದು ಫೋನ್ ಬರುತ್ತದೆ.

ಎಲ್ಲ ಜೋಡಿಗಳಿಗೂ ಇಷ್ಟು ಫಲ ಸಿಗುತ್ತದೆಂದು ನಾನು ಭರವಸೆ ಕೊಡಲಾರೆ. ಕೆಲವರು ಸಮಾಲೋಚನೆಯ ನಂತರವೂ ಬೇರೆಯಾಗುತ್ತಾರೆ. ಕುಡಿತ ಅಥವಾ ಖಿನ್ನತೆ ಇದ್ದಲ್ಲಿ ಮನೋವೈದ್ಯರ ಚಿಕಿತ್ಸೆಯೂ ಜೊತೆಗೆ ನಡೆಯಬೇಕು. ಹಾಗೆಯೇ, ಇಬ್ಬರೂ ಸೇರಿ ಸುತ್ತು ಕಟ್ಟುತ್ತಾರೆ ಎಂದು ಮೇಲೆ ಹೇಳಿದ ಮಾತು ಹೊಡೆತ ಬಡಿತಕ್ಕೆ, ಬೆದರಿಕೆಗೆ ಅನ್ವಯಿಸುವುದಿಲ್ಲ. ಅಲ್ಲಿ ತಪ್ಪು ಕೈ ಎತ್ತಿದವರದೇ. ಇಬ್ಬರನ್ನೂ ಜೊತೆಗೆ ಕೂರಿಸಿದರೆ ಹೆಂಡತಿ ಇಲ್ಲಿ ಆಡಿದ ಒಂದು ಮಾತಿಗೆ ಮನೆಯಲ್ಲಿ ಪೆಟ್ಟು ತಿನ್ನಬೇಕಾದೀತು; ಅವರಿಗೆ 2005ರ ಕೌಟುಂಬಿಕ ಹಿಂಸೆ ಕಾಯ್ದೆಯ ರಕ್ಷಣೆ ಇದೆ, 181 ಮಹಿಳಾ ಸಹಾಯವಾಣಿ ಇದೆ. ಇದಕ್ಕಾಗಿಯೇ ಮೊದಲ ಭೇಟಿಯಲ್ಲಿ ಪ್ರತಿಯೊಬ್ಬರೊಂದಿಗೂ ಸ್ವಲ್ಪ ಹೊತ್ತು ಪ್ರತ್ಯೇಕವಾಗಿ ಮಾತಾಡುತ್ತೇನೆ. ಹೊರಗೆ ಕಾದಿದ್ದ ಗಂಡಂದಿರಲ್ಲಿ ಕೆಲವರು ಒಳಗೆ ಬರುತ್ತಲೇ “ಅವಳ ಹತ್ರ ಏನು ಕೇಳಿದ್ರಿ?” ಎನ್ನುತ್ತಾರೆ. ನಿಮ್ಮ ಹತ್ತಿರ ಕೇಳುವುದನ್ನೇ ಎನ್ನುತ್ತೇನೆ. ಆ ಪ್ರಶ್ನೆ ಮತ್ತೆ ಎಷ್ಟು ಸಲ ಬರುತ್ತದೆ ಎಂಬುದನ್ನು ಬರೆದಿಟ್ಟುಕೊಳ್ಳುತ್ತೇನೆ.